ಹೂಮಳೆಗೆ ಮೊದಲು ಗಿಡಕ್ಕೆ ರೋಗವೇ?

(ವಿರಾಜಪೇಟೆಯ ಮಹಿಳೆಯರ ಸಭೆಯೊಂದರಲ್ಲಿ ನಿವೃತ್ತ ಸ್ತ್ರೀರೋಗ ವೈದ್ಯೆ ಆಡಿದ ಮಾತು)

ನಮ್ಮ ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟು ಕಳೆದು ಮೂರೇ ದಿನ ಆಗಿದೆ. ಅಂದು ಉಂಡ ಮದ್ದುಸೊಪ್ಪಿನ ಪಾಯಸದ ಬಣ್ಣ ಇಳಿದು ಮರುದಿನ ಮೂತ್ರ ಕೆಂಪಾಯಿತೇ ಅಂತ ನಾವು ಊಟದ ಮೇಜಿನಲ್ಲೇ ವಿಚಾರಿಸಿಕೊಳ್ತೇವೆ. ಅತ್ತೆ ಸೊಸೆಯನ್ನು ಕೇಳ್ತಾರೆ, ಮಾವನೂ ವರದಿ ಒಪ್ಪಿಸ್ತಾರೆ. ಅಷ್ಟು ಧೈರ್ಯಸ್ಥರು! ಅಲ್ಲಿಂದ ಎರಡು ಅಂಗುಲ ಆಚೆಯ ಮಾತು ಬಂದರೆ ಮಾತ್ರ ಎಲ್ಲರಿಗೂ ಒಲೆಯ ಮೇಲಿನ ಹಾಲು ನೆನಪಾಗುತ್ತೆ. ಹೆಂಡತಿಯರನ್ನು ಜೀಪಿನಲ್ಲಿ ಬಿಡಲು ಬಂದ ಹಿಂದಿನ ಸಾಲಿನವರೇ, ಎದ್ದು ಹೋಗಬೇಡಿ, ಹೊರಗೆ ಮಳೆ ಇದೆ.

ಒಂದು ಕಥೆ. ಗುರುತು ಸಿಗದಂತೆ ತಿರುಚಿದ್ದೇನೆ, ಹುಡುಕಬೇಡಿ. ಐವತ್ತು ದಾಟಿದ ಹೆಂಗಸು, ತೋಟದ ಮನೆ. ಮಾತು ಶುರು ಮಾಡಿದ್ದು ಗಂಡ: "ಇವಳಿಗೆ ಆಸೆಯೇ ಇಲ್ಲ ಡಾಕ್ಟ್ರೇ, ಏನಾದರೂ ಮಾತ್ರೆ ಕೊಡಿ." ತೊಂದರೆ ಯಾರಿಗೆ, ಅಂದೆ. ಇಬ್ಬರೂ ಗೋಡೆ ನೋಡಿದರು. ಗಂಡನನ್ನು ಚಹಾಕ್ಕೆ ಕಳಿಸಿ ಬಾಗಿಲು ಹಾಕಿದೆ. ಆಕೆ ಹತ್ತು ನಿಮಿಷ ಕರಿಮೆಣಸಿನ ರೇಟು ಮಾತಾಡಿದರು. ಆಮೇಲೆ ಅಂದರು, "ತಾನಾಗಿ ಆಸೆ ಹುಟ್ಟಲ್ಲ, ನಿಜ. ಪಕ್ಕದಲ್ಲಿ ಕೂತು, ಮಾತಾಡಿ, ಕೈ ಹಿಡಿದರೆ ಸ್ವಲ್ಪ ಹೊತ್ತಿಗೆ ಬರುತ್ತೆ. ಮೊಗ್ಗು ಕಚ್ಚಿಕೊಂಡು ನಿಂತ ಕಾಫಿ ಗಿಡಕ್ಕೆ ರೋಗ ಅಂತೀರಾ? ಅರಳಲು ಹೂಮಳೆ ಬೀಳಬೇಕಲ್ವಾ?" ನಾನು ಪೆನ್ನು ಕೆಳಗಿಟ್ಟೆ. ಆಕೆ ಇನ್ನೂ ಮುಗಿಸಿರಲಿಲ್ಲ: "ಮಳೆ ತಡವಾದರೆ ತೋಟಕ್ಕೆ ಗಂಟೆಗಟ್ಟಲೆ ಸ್ಪ್ರಿಂಕ್ಲರ್ ಹಾಕ್ತಾರೆ. ನನಗೆ ಎರಡು ನಿಮಿಷ."

ನಗಿ, ನಗಿ. ಇದನ್ನೇ ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ಬರೆದರು. ನಾವು ಓದಿದ್ದು ಅಮೆರಿಕದ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1966ರಲ್ಲಿ ಕೊಟ್ಟ ಕಾಮದ ಏಣಿ: ಉದ್ರೇಕ, ಏರುನೆಲೆ, ಪರಾಕಾಷ್ಠೆ, ಇಳಿತ. ಪರಾಕಾಷ್ಠೆ ಮುಟ್ಟಬಲ್ಲವರನ್ನೇ ಆರಿಸಿ ಪ್ರಯೋಗಾಲಯದಲ್ಲಿ ಅಳೆದ ಏಣಿ ಅದು, ಹತ್ತಲಾಗದವರು ರೋಗಿಗಳಾದರು. ಬಹಳ ಹೆಂಗಸರಲ್ಲಿ, ಅದೂ ದಾಂಪತ್ಯ ಹಳತಾದ ಮೇಲೆ, ಆಸೆ ಸ್ಪರ್ಶದ ಹಿಂದಿನಿಂದ ಬರುತ್ತೆ ಅಂದರು ಬ್ಯಾಸನ್. ಆಸೆ ತಾನಾಗಿಯೇ ಹುಟ್ಟುವವರೂ ಇದ್ದಾರೆ, ಅದೂ ಸರಿಯೇ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯೂ ಗಂಡನಿಗಿಂತ ಹೆಂಡತಿಗೆ ಆಸೆ ಕಡಿಮೆ ಎಂಬುದೊಂದನ್ನೇ ರೋಗ ಅನ್ನುವುದಿಲ್ಲ. ಆಕೆಗೇ ಅದು ಸಂಕಟವಾಗಿರಬೇಕು. ಅದಕ್ಕೇ ಕೇಳೋದು, ತೊಂದರೆ ಯಾರಿಗೆ?

ನನ್ನ ಕಥೆಯ ಆಕೆಗೂ ಒಂದು ತೊಂದರೆ ಇತ್ತು, ಗಂಡ ಹೇಳಿದ್ದಲ್ಲ. ಮುಟ್ಟು ನಿಂತ ಮೇಲೆ ಯೋನಿ ಒಣಗಿ ಉರಿ, ನೋವು. ನೋಯುವ ಕಡೆಗೆ ಆಸೆ ಯಾಕೆ ಹೋಗುತ್ತೆ? ಈಸ್ಟ್ರೋಜನ್ ಕ್ರೀಮು ಬರೆದುಕೊಟ್ಟೆ. ಹಾಲೂಡಿಸುವ ಬಾಣಂತಿಯರಿಗೂ ಹೀಗೆ ಒಣಗುವುದುಂಟು.

ಇನ್ನು ಚಂದ್ರನಾಡಿ, ಅಂದರೆ ಕ್ಲಿಟೊರಿಸ್. ನಮ್ಮ ಪಠ್ಯದಲ್ಲಿ ಅದಕ್ಕೆ ಒಂದು ಚುಕ್ಕೆ, ಒಂದು ಸಾಲು. ಹೊರಗೆ ಕಾಣುವುದು ತುದಿ ಮಾತ್ರ, ಹೆಚ್ಚಿನ ಭಾಗ ಒಳಗೆ ಎರಡೂ ಕಡೆ ಕವಲೊಡೆದು ಇಳಿದಿದೆ ಅಂತ ಆಸ್ಟ್ರೇಲಿಯಾದ ವೈದ್ಯೆ ಹೆಲೆನ್ ಓ'ಕಾನೆಲ್ ವಿವರವಾಗಿ ತೋರಿಸಿದ್ದು 1998ರಲ್ಲಿ. ಮನುಷ್ಯ ಚಂದ್ರನಿಗೆ ಹೋಗಿ 29 ವರ್ಷದ ಮೇಲೆ! ಬರೀ ಸಂಭೋಗದಿಂದ ಪರಾಕಾಷ್ಠೆ ಮುಟ್ಟದ ಹೆಂಗಸರು ಧಾರಾಳವಾಗಿದ್ದಾರೆ. ಅವರಲ್ಲಿ ಐಬಿಲ್ಲ, ಸ್ಪರ್ಶ ತಪ್ಪು ವಿಳಾಸಕ್ಕೆ ಹೋಗ್ತಿದೆ.

ಅಧ್ಯಕ್ಷೆ ಗಡಿಯಾರ ತೋರಿಸ್ತಿದ್ದಾರೆ. ಕನ್ಯಾಪೊರೆಯ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಒಂದೇ ಮಾತು: ಮೊದಲ ರಾತ್ರಿ ರಕ್ತ ಬರಲೇಬೇಕೆಂದಿಲ್ಲ. ಹೆಣ್ಣು ಮೊದಲೇ ಕೂಡಿದ್ದಾಳೋ ಅಂತ ಯೋನಿಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಅಂತ ಸುಪ್ರೀಂ ಕೋರ್ಟು 2022ರಲ್ಲಿ ಮತ್ತೆ ಹೇಳಿದೆ. ಖಿನ್ನತೆಯ ಕೆಲವು ಮಾತ್ರೆ ಆಸೆ ತಗ್ಗಿಸಬಹುದು, ನೀವಾಗಿ ನಿಲ್ಲಿಸಬೇಡಿ, ಕೊಟ್ಟ ವೈದ್ಯರಿಗೆ ಹೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕೂಡಿದ ಮೇಲೆ ರಕ್ತ ಬಂದರೆ ನಾಚಿಕೊಂಡು ಕೂರಬೇಡಿ, ತೋರಿಸಿ.

ಚೀಟಿಗಳಲ್ಲಿ ಒಂದನ್ನೇ ಓದ್ತೇನೆ. "ಎಪ್ಪತ್ತರಲ್ಲಿ ಆಸೆ ಇದ್ದರೆ ತಪ್ಪೇ?" ಇಲ್ಲ. ಹೆಸರು ಬರೆದಿಲ್ಲ. ಆದರೆ ಚೀಟಿ ಬಂದದ್ದು ಆ ಹಿಂದಿನ ಸಾಲಿನಿಂದ.