ಕರೆಂಟ್ ಹೋದಾಗ ತತ್ತಿ ಮಷೀನ್: ಮೊದಲು ಫ್ಯಾನ್, ಆಮ್ಯಾಲ ಹೀಟರ್

(ದೃಶ್ಯ: ರಾತ್ರಿ. ಸಿಂಧನೂರು ಕಡೆಯ ಹೊಲದ ಮನೆ. ಇನ್‌ಕ್ಯುಬೇಟರ್ ಗಾಜಿನ ಹಿಂದೆ ತತ್ತಿಗಳು. ದೀಪ ಆರುತ್ತದೆ, ಫ್ಯಾನ್ ಸದ್ದು ನಿಲ್ಲುತ್ತದೆ.)

ನಮಸ್ಕಾರ್ರೀ. ಜವಾರಿ ಕೋಳಿ ಸಾಕೋರು, ಗಿರಿರಾಜ ತಳಿ ಮರಿ ಮಾಡಿ ಮಾರೋರು, ಯಾರನ್ನ ಕೇಳಿದ್ರೂ ಹೆದರಿಕಿ ಒಂದೇ: ತತ್ತಿಗೆ ಕಾವು ಕೊಡೋ ಮಷೀನ್, ಅಂದ್ರ ಇನ್‌ಕ್ಯುಬೇಟರ್, ಅದರಾಗ ಮರಿ ಹೊರಗ ಬರೋ ಹೊತ್ತಿಗೆ ಕರೆಂಟ್ ಕೈ ಕೊಟ್ರ ಏನ್ ಗತಿ? ಬ್ಯಾಕಪ್ ಅಂದ ಕೂಡ್ಲೇ ಎಲ್ರೂ ಹೀಟರ್ ಲೆಕ್ಕ ಹಾಕ್ತಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಬಿಸಿಲಿನಾಗ ನಾ ಮೊದಲು ಕೇಳೋದು ಮಷೀನ್ ಒಳಗಿನ ಫ್ಯಾನ್ ಬಗ್ಗೆ. ಯಾಕಂದ್ರ ಕೇಳ್ರಿ.

ಕೋಳಿ ತತ್ತಿಗೆ 21 ದಿನ ಕಾವು ಬೇಕು. ಫ್ಯಾನ್ ಇರೋ ಮಷೀನ್‌ನಾಗ 37.5 ಡಿಗ್ರಿ. ಒಂದೀಟು ತಣ್ಣಗಾದ್ರ ಒಳಗಿನ ಮರಿ ತಡ್ಕೊಂತದ. ಕಾವಿಗೆ ಕುಂತ ಕೋಳಿನೂ ದಿನಾ ಎದ್ದು ಕಾಳು ತಿಂದು, ನೀರು ಕುಡಿದು ಬರ್ತದಲ್ರೀ. ಆದ್ರ ಬಿಸಿ ಏರಿದ್ರ ಹಂಗಲ್ಲ. 40 ಡಿಗ್ರಿ ದಾಟಿ ಅಲ್ಲೇ ನಿಂತ್ರ ಮರಿ ಒಳಗೇ ಸಾಯ್ತಾವ.

ಇನ್ನೊಂದು ಮಾತು. ಕೊನೀ ವಾರದಾಗ ಮರಿ ತಾನೇ ಮೈಬಿಸಿ ಬಿಡ್ತದ, ಹೆಚ್ಚು ಆಮ್ಲಜನಕ ಎಳೀತದ. ನೂರಾರು ತತ್ತಿ ಒತ್ತಿ ಇಟ್ಟ ಮಷೀನ್‌ನಾಗ ಫ್ಯಾನ್ ನಿಂತ್ರ ಬಾಗಿಲ ಕಡೆ ತತ್ತಿ ತಣ್ಣಗ ಇರ್ತಾವ, ನಡುವಿನವು ಕುದೀತಾವ. ಥರ್ಮಾಮೀಟರ್ ಬಾಗಿಲ ಹತ್ರ ಇದ್ರ ನಿಮಗ ಗೊತ್ತೇ ಆಗಂಗಿಲ್ಲ.

(ದೃಶ್ಯ: ತಗಡಿನ ಶೆಡ್ ಮೇಲೆ ಮೇ ತಿಂಗಳ ಬಿಸಿಲು. ಆಮೇಲೆ ಮಣ್ಣಿನ ಮಾಳಿಗೆ ಮನೆಯ ಒಳಗೋಡೆ.)

ಈಗ ಮೇ ತಿಂಗಳ ಮಧ್ಯಾಹ್ನ ನೆನಸ್ಕೊಳ್ರಿ. ಹೊರಗ 41, 42 ಡಿಗ್ರಿ, ತಗಡಿನ ಶೆಡ್ ಒಳಗ ಅದಕ್ಕಿಂತ ಹೆಚ್ಚು. ಇನ್‌ಕ್ಯುಬೇಟರ್‌ಗೆ ಬಿಸಿ ಮಾಡೋದು ಗೊತ್ತು, ತಣ್ಣಗ ಮಾಡೋದು ಗೊತ್ತಿಲ್ಲ. ಕೋಣಿನೇ 40 ದಾಟಿದ್ರ ಕರೆಂಟ್ ಇದ್ರೂ ತತ್ತಿ ಉಳ್ಯಂಗಿಲ್ಲ. ಅದಕ್ಕ ಬ್ಯಾಟರಿಗೆ ರೊಕ್ಕ ಹಾಕೋಕಿಂತ ಮುಂಚೆ ಮಷೀನ್ ಎಲ್ಲಿ ಇಟ್ಟೀರಿ ನೋಡ್ರಿ. ದಪ್ಪ ಗೋಡಿ ಮಾಳಗಿ ಮನಿ ಇದ್ರ ಅದರೊಳಗಿನ ಕೋಣಿಯಾಗ ಇಡ್ರಿ. ಕಿಟಕಿಗೆ ಹಸಿ ಗೋಣಿಚೀಲ ಕಟ್ರಿ. ನಮ್ಮ ಕಡೆ ಬ್ಯಾಸಿಗಿ ಗಾಳಿ ಒಣ, ಹಸಿ ಗೋಣಿ ಚಲೋ ಕೆಲಸ ಮಾಡ್ತದ.

ಹಂಗಂತ ಹೀಟರ್ ಬ್ಯಾಡ ಅಂತಲ್ಲ. ಡಿಸೆಂಬರ್ ರಾತ್ರಿ ಬೇಕೇ ಬೇಕು. ಮುಂಗಾರಿಗೂ ಮುಂಚಿನ ಗಾಳಿಮಳಿಗೆ ಕಂಬ ಬಿದ್ದು ರಾತ್ರಿಯಿಡೀ ಕರೆಂಟ್ ಇರಲಾರದಾಗೂ ಬೇಕು. ಅದರ ಲೆಕ್ಕ ನೋಡೂಣು.

(ದೃಶ್ಯ: ಹಲಗೆಯ ಮೇಲೆ ಲೆಕ್ಕ.)

ಮನೀ ಇನ್ವರ್ಟರ್‌ಗೆ ಹಾಕೋ 12 ವೋಲ್ಟ್, 150 ಆ್ಯಂಪಿಯರ್‌ಅವರ್ ಟ್ಯೂಬುಲರ್ ಬ್ಯಾಟರಿ. ಗುಣಿಸಿದ್ರ 1800 ವ್ಯಾಟ್‌ಅವರ್. ಪೂರಾ ಖಾಲಿ ಮಾಡಿದ್ರ ಬ್ಯಾಟರಿ ಲಗೂನೇ ಕೆಡ್ತದ, ಅರ್ಧ ಮಾತ್ರ ಲೆಕ್ಕಕ್ಕ ಹಿಡೀರಿ: 900. 100 ವ್ಯಾಟಿನ ಮಷೀನ್‌ನ ಹೀಟರ್ ಹತ್ತಿ ಆರಿ ಸರಾಸರಿ 50 ವ್ಯಾಟ್ ತಗೊಂಡ್ರ, ಇನ್ವರ್ಟರ್ ತಾ ನುಂಗೋದೂ ಸೇರಿ ಸುಮಾರು 75 ಆಗ್ತದ. ಅಂದ್ರ 12 ತಾಸು. ಬ್ಯಾಟರಿ ಹಳೇದಾದ್ರ ಇದು ಇಳೀತದ. ಅದೇ ಇನ್ವರ್ಟರ್‌ಗೆ ಟಿವಿ, ಸೀಲಿಂಗ್ ಫ್ಯಾನ್ ಹಚ್ಚಿದ್ರ ಈ ಲೆಕ್ಕ ಬಿಟ್ಟುಬಿಡ್ರಿ.

ಇನ್ವರ್ಟರ್ ತಗೊಳ್ಳೋದಾದ್ರ ಸೈನ್ ವೇವ್, ಅಂದ್ರ ಮನೀ ಕರೆಂಟ್‌ನಂಗೇ ಕರೆಂಟ್ ಕೊಡೋ ನಮೂನಿದು, ತಗೋರಿ. ಸ್ಕ್ವೇರ್ ವೇವ್‌ನಾಗ ಫ್ಯಾನ್ ಮೋಟರ್ ಗುಂಯ್ ಅಂತ ಬಿಸಿ ಆಗ್ತದ.

ಹೊಲದಾಗಿನ ಮನಿಯೋರಿಗೆ ಇನ್ನೊಂದು ಕಾಟ, ಲೋ ವೋಲ್ಟೇಜ್. ಬಲ್ಬ್ ಹತ್ತಿರ್ತದ, ಕರೆಂಟ್ ಅದ ಅಂತ ನಾವು ಮಲಗ್ತೀವಿ. 230 ಇರಬೇಕಾದಲ್ಲಿ 160 ಬಂದ್ರ ಹೀಟರ್ ಅರ್ಧದಷ್ಟೇ ಬಿಸಿ ಕೊಡ್ತದ, ಯಾಕಂದ್ರ ಅದರ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಾಗ ಇಳೀತದ. ಬಹಳಷ್ಟು ಇನ್ವರ್ಟರ್‌ಗೆ ಯುಪಿಎಸ್ ಅಂತ ಒಂದು ಸ್ವಿಚ್ ಇರ್ತದ. ಅದನ್ನ ಹಾಕಿಟ್ರ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗ ಇಳಿದ ಕೂಡ್ಲೇ ಬ್ಯಾಟರಿಗೆ ಹೊರಳ್ತದ. ಇಷ್ಟು ಸಣ್ಣ ಸ್ವಿಚ್ಚು, ನೋಡೋರೇ ಕಮ್ಮಿ.

(ದೃಶ್ಯ: ಮಷೀನ್ ಹಿಂಬದಿಯ 12 ವೋಲ್ಟ್ ಕೆಂಪು, ಕಪ್ಪು ತುದಿಗಳು.)

ನಿಮ್ಮ ಮಷೀನ್‌ಗೆ 12 ವೋಲ್ಟ್ ತುದಿ ಇದ್ರ ಇನ್ವರ್ಟರ್ ಬ್ಯಾಡ, ಬ್ಯಾಟರಿನೇ ಸೀದಾ ಕೊಡ್ರಿ, ಇನ್ವರ್ಟರ್ ನುಂಗೋ ಕರೆಂಟ್ ಉಳೀತದ. ವೈರ್ ದಪ್ಪ ಇರ್ಲಿ, ಉದ್ದ ಎಳೀಬ್ಯಾಡ್ರಿ, ಬ್ಯಾಟರಿ ಹತ್ರನೇ ಫ್ಯೂಜ್ ಹಾಕ್ರಿ. ಕೆಲವು ಮಷೀನ್‌ನಾಗ ತತ್ತಿ ತಿರುಗ್ಸೋ ಮೋಟರ್ ಮನೀ ಕರೆಂಟ್‌ಗೆ ಮಾತ್ರ ಓಡ್ತದ, ನೋಡ್ಕೊಳ್ರಿ. ಟ್ರ್ಯಾಕ್ಟರ್ ಬ್ಯಾಟರಿ ಒಂದು ರಾತ್ರಿ ಆಪತ್ತಿಗೆ ಆದೀತು, ಪದೇ ಪದೇ ಖಾಲಿ ಮಾಡಿದ್ರ ಮುಂಜಾನೆ ಟ್ರ್ಯಾಕ್ಟರೇ ಸ್ಟಾರ್ಟ್ ಆಗಂಗಿಲ್ಲ. ಜನರೇಟರ್ ಇದ್ರ ಹೊರಗ, ಕಿಟಕಿಯಿಂದ ದೂರ. ಅದರ ಹೊಗಿ ಮನಿಯಾಗ ತುಂಬಿದ್ರ ಮಲಗಿದೋರ ಜೀವಕ್ಕೇ ಕುತ್ತು.

ಇನ್ವರ್ಟರ್, ಜನರೇಟರ್ ಏನೂ ಇಲ್ಲ, ಕರೆಂಟ್ ಹೋತು. ಆಗ? ಚಳಿ ಹೊತ್ತಾದ್ರ, ಮೊದಲ ಎರಡು ವಾರದ ತತ್ತಿ ಇದ್ರ, ಬಾಗಿಲು ತೆಗೀಬ್ಯಾಡ್ರಿ. ಮ್ಯಾಲೊಂದು ಕೌದಿ ಹೊದಸ್ರಿ, ಗಾಳಿ ತೂತು ಬಿಟ್ಟು. ತಾಸುಗಟ್ಲೆ ಬರಲಿಲ್ಲ ಅಂದ್ರ ಬಿಸಿನೀರಿನ ಬಾಟಲಿ ಅರಿವ್ಯಾಗ ಸುತ್ತಿ ತಳಕ್ಕ ಇಡ್ರಿ, ತತ್ತಿಗೆ ತಾಗಬಾರದು. ಕೊನೀ ವಾರದ ತತ್ತಿಗೆ ಪೂರಾ ಮುಚ್ಚಬ್ಯಾಡ್ರಿ, ಉಸಿರು ಕಟ್ತದ. ಬ್ಯಾಸಿಗಿ ಮಧ್ಯಾಹ್ನ ಆದ್ರ ಎಲ್ಲಾ ಉಲ್ಟಾ: ನಡುವಿನ ತತ್ತಿ ಹತ್ರ ಥರ್ಮಾಮೀಟರ್ ಇಟ್ಟು ನೋಡ್ರಿ, 38 ದಾಟಿದ್ರ ಬಾಗಿಲು ತುಸು ತೆಗೀರಿ, ಒಂದು ಸಣ್ಣ 12 ವೋಲ್ಟ್ ಫ್ಯಾನ್ ಬ್ಯಾಟರಿಗೆ ಹಚ್ರಿ. ಅದಕ್ಕ ನಾಲ್ಕೈದು ವ್ಯಾಟ್ ಸಾಕು, ದಿನವಿಡೀ ಓಡ್ತದ.

ಕರೆಂಟ್ ಬಂದ ಮ್ಯಾಲ ಡಿಸ್‌ಪ್ಲೇ ನೋಡ್ರಿ, ಕೆಲವು ಕಂಟ್ರೋಲರ್ ಸೆಟ್ಟಿಂಗ್, ದಿನದ ಲೆಕ್ಕ ಎರಡೂ ಮರೀತಾವ. ತತ್ತಿ ತಣ್ಣಗಾದ್ವು ಅಂತ ತಿಪ್ಪಿಗೆ ಒಗೀಬ್ಯಾಡ್ರಿ. ನಾಲ್ಕೈದು ದಿನ ಬಿಟ್ಟು ಕತ್ತಲದಾಗ ಟಾರ್ಚ್ ಬೆಳಕಿಗೆ ಹಿಡಿದು ನೋಡ್ರಿ, ನರ ಕಂಡ್ರ, ಅಲುಗಾಡಿದ್ರ ಜೀವ ಅದ. ಮರಿ ತಡ ಆಗಿ ಬರಬಹುದು, 23ನೇ ದಿನದ ತನಕ ಕಾಯ್ರಿ.

(ದೃಶ್ಯ: ಮಷೀನ್‌ನಲ್ಲಿ ತತ್ತಿ ಬದಲು ನೀರಿನ ಬಾಟಲಿಗಳು. ಕೈಯೊಂದು ಮೇನ್ ಸ್ವಿಚ್ ಇಳಿಸುತ್ತದೆ.)

ತತ್ತಿ ಇಡೋಕ ಮುಂಚೆ ಇದನ್ನ ಮಾಡ್ರಿ. ನೀರು ತುಂಬಿದ ಬಾಟಲಿ ಇಟ್ಟು ಮಷೀನ್ 37.5ಕ್ಕ ಬರಲಿ. ಮೇನ್ ಇಳಸ್ರಿ. ಇನ್ವರ್ಟರ್ ಕೂಗೋ ತನಕ ಎಷ್ಟು ತಾಸು ನಡೀತು, ಆಮ್ಯಾಲ ಎಷ್ಟೊತ್ತಿಗೆ 35ಕ್ಕ ಇಳೀತು, ಎರಡೂ ಮಷೀನ್ ಬಾಗಿಲ ಮ್ಯಾಲೇ ಬರ್ದು ಹಚ್ರಿ. ಚಳಿಗಾಲಕ್ಕೊಮ್ಮೆ, ಬ್ಯಾಸಿಗಿಗೊಮ್ಮೆ ಬ್ಯಾರೆ ಬ್ಯಾರೆ ಬರೀಬೇಕಾಗ್ತದ.