ಭಾನುವಾರ ಬೆಳಗ್ಗಿನ ಜಾವ ಮೂರೂವರೆ, ಬೆತ್ಲೆಹೇಮಿನ ಗೇಟಿನಲ್ಲಿ

ಈ ಕ್ಲಿಪ್ಪಲ್ಲಿ ಕಾಣ್ತಾ ಉಂಟಲ್ಲ, ಎಳ್ಳು ಮೆತ್ತಿದ, ಉದ್ದಕ್ಕೆ ಎಳೆದ ದೊಡ್ಡ ಬಳೆ ಹಾಗಿನ ಬ್ರೆಡ್ಡು, ಅದಕ್ಕೆ ಇಲ್ಲಿ ಕಅಕ್ ಅಂತಾರೆ. ಪಕ್ಕದಲ್ಲಿ ಬೇಯಿಸಿದ ಮೊಟ್ಟೆ, ಏಲಕ್ಕಿ ಹಾಕಿದ ಕಾಫಿ. ಗಾಡಿ ಸುತ್ತ ಎಷ್ಟು ಜನ ನೋಡಿ. ಊರ ಜಾತ್ರೆ ಅಂತ ತಿಳ್ಕೊಳ್ಬೇಡಿ, ಇಸ್ರೇಲಿ ಸೈನ್ಯದ ಚೆಕ್‌ಪಾಯಿಂಟ್ ದಾಟಿ ಕೆಲಸಕ್ಕೆ ಹೋಗ್ಲಿಕ್ಕೆ ಕಾಯುವ ಪ್ಯಾಲೆಸ್ತೀನಿನವರು ಇವರು. ಸಮಯ ಬೆಳಗ್ಗಿನ ಜಾವ ಮೂರೂವರೆ, ಫೆಬ್ರವರಿ ಚಳಿ. 2023ರಲ್ಲಿ ತೆಗೆದದ್ದು.

ಇಷ್ಟೇ ವಿಡಿಯೋ ಇರುದು. ಇದಾದ ಮೇಲೆ ಫೋನ್ ಬ್ಯಾಗಿನೊಳಗೆ ಹೋಯ್ತು. ಒಳಗೆ ಶೂಟ್ ಮಾಡುವ ಧೈರ್ಯ ನನಗಿರ್ಲಿಲ್ಲ. ಹಾಗಾಗಿ ಇನ್ನು ನನ್ನ ದನಿ ಮಾತ್ರ. ಕಣ್ಣಿಗೆ ನಾನು ನೋಡಿಕೊಳ್ಳುವ ಅಜ್ಜಿಯ ಬಾಲ್ಕನಿಯ ಪುದೀನಾ ಗಿಡ ಹಾಕಿದ್ದೇನೆ, ಅದನ್ನೇ ನೋಡ್ತಾ ಕೇಳಿ.

ಹೊಸಬರಿಗೆ ಹೇಳ್ತೇನೆ, ನಾನು ಜೆರುಸಲೇಮಿನಲ್ಲಿ ಕೇರ್‌ಗಿವರ್. ಮಂಗಳೂರು ಕಡೆಯವರು ಈ ಕೆಲಸಕ್ಕೆ ಇಲ್ಲಿ ತುಂಬ ಜನ ಇದ್ದೇವೆ. ಶನಿವಾರ ರಜೆ. ಅವತ್ತು ಶಬ್ಬಾತ್, ಯಹೂದಿಗಳ ಕಡೆಯ ಬಸ್ಸು ಓಡುದಿಲ್ಲ. ಆದ್ರೆ ಡಮಾಸ್ಕಸ್ ಗೇಟ್ ಹತ್ರದಿಂದ ಅರಬ್ ಬಸ್ಸುಗಳು ಓಡ್ತವೆ. 231 ನಂಬರಿನದ್ದು ಹತ್ತಿದ್ರೆ ಸೀದಾ ಬೆತ್ಲೆಹೇಮ್ ಕಡೆ, ಅಂದ್ರೆ ಇಸ್ರೇಲಿನ ಹಿಡಿತದಲ್ಲಿರುವ ಪ್ಯಾಲೆಸ್ತೀನಿನ ಪಶ್ಚಿಮ ದಂಡೆಗೆ. ಯೇಸು ಹುಟ್ಟಿದ ಜಾಗದ ಇಗರ್ಜಿಯಲ್ಲಿ ಒಂದು ಮೇಣದ ಬತ್ತಿ ಹಚ್ಚಿ ಸಂಜೆಗೆ ವಾಪಸ್. ದೂರ ಹತ್ತು ಕಿಲೋಮೀಟರ್ ಸಹ ಇಲ್ಲ. ಹಂಪನಕಟ್ಟೆಯಿಂದ ತೊಕ್ಕೊಟ್ಟಿಗೆ ಹೋದಷ್ಟೇ.

ಬರುವಾಗ ಮಾತ್ರ ದಾರಿಯಲ್ಲಿ ಬಸ್ಸು ನಿಲ್ತದೆ. ಪ್ಯಾಲೆಸ್ತೀನಿನವರು ಇಳಿದು ರಸ್ತೆ ಬದಿ ಸಾಲು ನಿಲ್ತಾರೆ, ಕೈಯಲ್ಲಿ ಗುರುತಿನ ಚೀಟಿ. ನಾವು ವಿದೇಶಿಗಳು ಸೀಟಲ್ಲೇ ಕೂತಿರ್ಬಹುದು, ಸೈನಿಕರೇ ಹತ್ತಿ ಬಂದು ಪಾಸ್‌ಪೋರ್ಟ್ ನೋಡ್ತಾರೆ. ಮೊದಲ ಸಲ ನಾನೂ ಏಳ್ಲಿಕ್ಕೆ ಹೋದೆ. ಪಕ್ಕದಲ್ಲಿದ್ದ ಹುಡುಗ, ಕಾಲೇಜಿಗೆ ಹೋಗುವವ ಇರ್ಬೇಕು, ಕೈಯಲ್ಲೇ ಕೂತ್ಕೊಳ್ಳಿ ಅಂತ ಸನ್ನೆ ಮಾಡಿ, ತನ್ನ ಪುಸ್ತಕದ ಚೀಲ ನನ್ನ ಮಡಿಲಲ್ಲಿ ಇಟ್ಟು ಇಳಿದ. ಹೊರಗೆ ಮಳೆ. ನಾನು ಒಳಗೆ ಚೀಲ ಹಿಡ್ಕೊಂಡು ಕೂತಿದ್ದೇನೆ. ನನ್ನ ಊರಲ್ಲ, ನನ್ನ ದೇಶ ಅಲ್ಲ, ಆದ್ರೂ ಸೀಟು ನನಗೆ.

ಆ ಫೆಬ್ರವರಿಯಲ್ಲಿ ಬೆತ್ಲೆಹೇಮಿನಲ್ಲೇ ಗೆಳತಿಯ ಮನೆಯಲ್ಲಿ ರಾತ್ರಿ ಉಳಿದೆ. ಮರುದಿನ ಏಳು ಗಂಟೆಗೆ ಅಜ್ಜಿಗೆ ಇನ್ಸುಲಿನ್ ಕೊಡ್ಲಿಕ್ಕೆ ಉಂಟು. 'ಭಾನುವಾರ ವಾರದ ಮೊದಲ ಕೆಲಸದ ದಿನ, ಮೂರೂವರೆಗೇ ಹೋಗಿ ನಿಲ್ಲು' ಅಂದ್ಲು ಅವಳು. ನಾನು ನಕ್ಕೆ.

ಚೆಕ್‌ಪಾಯಿಂಟ್ 300. ಜೆರುಸಲೇಮ್‌ನಿಂದ ಹೆಬ್ರಾನ್‌ಗೆ ಹೋಗುವ ಹಳೇ ರಸ್ತೆಗೆ ಅಡ್ಡ, ರಾಹೇಲಳ ಸಮಾಧಿ ಹತ್ರ. ಎಂಟು ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ, ಅದಕ್ಕೆ ಅಂಟಿಕೊಂಡು ಕಬ್ಬಿಣದ ಸರಳಿನ ಉದ್ದ ಓಣಿ, ಮೇಲೆ ತಗಡು. ಎರಡನೇ ಇಂತಿಫಾದದಲ್ಲಿ, ಅಂದ್ರೆ ಪ್ಯಾಲೆಸ್ತೀನಿನವರು ಇಸ್ರೇಲ್ ವಿರುದ್ಧ ಎರಡನೇ ಸಲ ದಂಗೆ ಎದ್ದಾಗ, ಬಸ್ಸು, ಹೋಟೆಲುಗಳಲ್ಲಿ ಬಾಂಬ್ ಸಿಡಿದು ಜನ ಸತ್ತರು, ಅದನ್ನು ತಡೀಲಿಕ್ಕೆ ಅಂತ ಹೇಳಿ ಇಸ್ರೇಲ್ 2002ರಲ್ಲಿ ಈ ಗೋಡೆ ಶುರು ಮಾಡಿದ್ದು. ನಮ್ಮ ಅಜ್ಜಿಯೂ ಅದನ್ನೇ ಹೇಳ್ತಾರೆ, ಆ ದಿನಗಳಲ್ಲಿ ಬಸ್ಸು ಹತ್ತಲಿಕ್ಕೆ ಹೆದರಿದವರು ಅವರು. ಅವರ ಹೆದರಿಕೆ ಸುಳ್ಳಲ್ಲ. ಆದ್ರೆ ಗೋಡೆಯ ಹೆಚ್ಚಿನ ಪಾಲು ಹೋಗಿರುದು ಪಶ್ಚಿಮ ದಂಡೆಯ ಒಳಗೆ. ಪ್ಯಾಲೆಸ್ತೀನಿನ ನೆಲದಲ್ಲಿ ಹೀಗೆ ಕಟ್ಟಿದ್ದು ಕಾನೂನಿಗೆ ವಿರುದ್ಧ ಅಂತ ಅಂತರರಾಷ್ಟ್ರೀಯ ನ್ಯಾಯಾಲಯ 2004ರಲ್ಲೇ ಅಭಿಪ್ರಾಯ ಕೊಟ್ಟಿದೆ. ಗೋಡೆ ಅಲ್ಲೇ ಉಂಟು.

ಓಣಿಯಲ್ಲಿ ಸಾವಿರಗಟ್ಟಲೆ ಗಂಡಸರು. ಹೆಬ್ರಾನ್ ಕಡೆಯ ಹಳ್ಳಿಗಳಿಂದ ಎರಡು ಗಂಟೆಗೆ ಎದ್ದು ಬಂದವರು. ಗಾರೆಯವರು, ಕಬ್ಬಿಣ ಕಟ್ಟುವವರು, ಟೈಲ್ಸಿನವರು. ಕೆಲವರು ರಟ್ಟು ಹಾಸಿ ನೆಲದಲ್ಲೇ ಮಲಗಿದ್ದಾರೆ. ಬಾಂಗ್ ಆಯ್ತು, ಅದೇ ರಟ್ಟಿನ ಮೇಲೆ ನಮಾಜು. ಕೆಲವು ಪಡ್ಡೆ ಹುಡುಗರು ಸರಳು ಹತ್ತಿ, ಜನರ ತಲೆಯ ಮೇಲಿಂದ ತಗಡಿನ ಕೆಳಗೆ ನುಸುಳಿ ಮುಂದೆ ಹೋಗ್ತಾರೆ. ಬೈಗುಳ, ನಗೆ, ಕೆಮ್ಮು, ಸಿಗರೇಟಿನ ಹೊಗೆ.

ತಿರುಗುವ ಗೇಟಿಗೆ ಇವರಲ್ಲಿ ಕೆಲವರು ಹಲ್ಲಾಬಾತ್ ಅಂತಾರಂತೆ. ಅರ್ಥ ಕೇಳಿದೆ. ಹಸು ನಿಲ್ಲಿಸಿ ಹಾಲು ಕರೆಯುವ ಜಾಗ.

ಹೆಂಗಸರಿಗೆ, ವಯಸ್ಸಾದವರಿಗೆ, ಕಾಯಿಲೆಯವರಿಗೆ ಬದಿಯಲ್ಲಿ ಬೇರೆ ಗೇಟು ಉಂಟು. ಅದು ತೆರೆಯುದು ಅಲ್ಲಿದ್ದ ಸೈನಿಕನ ಮರ್ಜಿ. ಅವತ್ತು ಮುಚ್ಚಿತ್ತು. ಹಾಗಾಗಿ ನಾನು ಗಂಡಸರ ಮಧ್ಯೆ. ನನ್ನ ಮುಂದಿದ್ದ ಒಬ್ಬರು, ಅರುವತ್ತರ ಹತ್ರ ಇರ್ಬಹುದು, ಎರಡೂ ಕೈ ಅಗಲಿಸಿ ಸರಳು ಹಿಡಿದು ನಿಂತ್ರು. ಹಿಂದಿನ ನೂಕು ನನಗೆ ತಾಗದ ಹಾಗೆ. ದೊಡ್ಡವರಿಗೆ ಇಲ್ಲಿ ಅಮ್ಮೋ ಅಂತಾರೆ, ಚಿಕ್ಕಪ್ಪ ಅಂದ ಹಾಗೆ. ನಾನೂ ಹಾಗೇ ಕರೆದೆ. ಕಟ್ಟಡದ ಕೆಲಸದಲ್ಲಿ ಕಲಿತ ಹೀಬ್ರೂ ಅವರದ್ದು, ಅಜ್ಜಿಯ ಅಡುಗೆ ಮನೆಯಲ್ಲಿ ಕಲಿತದ್ದು ನನ್ನದು. ಇಬ್ಬರದ್ದೂ ಅಲ್ಲದ ಭಾಷೆಯಲ್ಲಿ ಮಾತು.

ಏಳಕ್ಕೆ ಸೈಟಲ್ಲಿ ಇರ್ಬೇಕು, ತಡ ಆದ್ರೆ ಮೇಸ್ತ್ರಿ ಬೇರೆಯವನನ್ನು ತಗೊಳ್ತಾನೆ ಅಂದ್ರು. ಸಂಜೆ ಮನೆ ಮುಟ್ಟುವಾಗ ಕತ್ತಲೆ, ಊಟ, ನಿದ್ದೆ, ಮತ್ತೆ ಎರಡು ಗಂಟೆ. ಗೋಡೆಯ ಆಚೆ ಇಸ್ರೇಲಿನಲ್ಲಿ ಕೆಲಸ ಮಾಡುವ ಪರವಾನಗಿಗೆ ತಸ್ರೀಹ್ ಅಂತಾರೆ. ಅದನ್ನು ದಲ್ಲಾಳಿಯಿಂದ ಕೊಂಡು ತಿಂಗಳಿಗೆ ಎರಡು ಸಾವಿರ ಶೆಕೆಲ್ (ಇಸ್ರೇಲಿನ ಹಣ) ಮೇಲೆ ಕೊಡುವವರೂ ಸಾಲಲ್ಲಿದ್ರು. ಪರವಾನಗಿ ಇದ್ದವರ ಅವಸ್ಥೆ ಇದು ಮಾರಾಯ್ರೆ, ಇಲ್ಲದವರದ್ದು ನಾನು ಹೇಳ್ತಾನೇ ಇಲ್ಲ.

ಸ್ಕ್ಯಾನರ್ ಹತ್ರ ಬಂದಾಗ ಎಲ್ಲರೂ ಬೆಲ್ಟ್ ಬಿಚ್ಚಿ ಹಲ್ಲಲ್ಲಿ ಕಚ್ಚಿದ್ರು. ಕೈಯಲ್ಲಿ ಬುತ್ತಿ, ಚೀಟಿ, ಫೋನು. ಬೇರೆಲ್ಲಿ ಇಡುದು? ಮುಂದೆ ಬೆರಳಿನ ಯಂತ್ರ. ಅಮ್ಮೋ ಬೆರಳಿಟ್ರು. ಕೆಂಪು. ಪ್ಯಾಂಟಿಗೆ ಒರೆಸಿ ಮತ್ತೆ ಇಟ್ರು. ಕೆಂಪು. ಬಾಯಿ ಹತ್ರ ತಂದು ಬಿಸಿ ಉಸಿರು ಊದಿ, ಮತ್ತೆ. ಮೂವತ್ತು ವರ್ಷ ಸಿಮೆಂಟ್ ಕಲಸಿದ ಬೆರಳು, ಗೆರೆ ಎಲ್ಲಿ ಉಳಿದಿರ್ತದೆ!

ನನಗೆ ಅಮ್ಮನ ನೆನಪಾಯ್ತು. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಸವೆದು, ರೇಷನ್ ಅಂಗಡಿಯ ಯಂತ್ರದಲ್ಲಿ ಅವರದ್ದೂ ಬರ್ತಿರ್ಲಿಲ್ಲ. ಅಂಗಡಿಯವ 'ಎಣ್ಣೆ ಹಚ್ಚಿ ನಾಳೆ ಬನ್ನಿ ಅಕ್ಕ' ಅಂತಿದ್ದ. ಅಮ್ಮ ಮರುದಿನ ಹೋಗ್ತಿದ್ರು, ಅಕ್ಕಿ ಸಿಗ್ತಿತ್ತು. ಇಲ್ಲಿ ಮರುದಿನ ಅಂದ್ರೆ ಒಂದು ದಿನದ ಕೂಲಿ.

ಗಾಜಿನ ಹಿಂದೆ ಕೂತ ಹುಡುಗಿಗೆ ಇಪ್ಪತ್ತು ವರ್ಷ ಇರ್ಲಿಕ್ಕಿಲ್ಲ, ತಿಂಡಿ ತಿನ್ತಾ ಇದ್ಲು. ಮೈಕಲ್ಲಿ ಏನೋ ಹೇಳಿದ್ಲು. ಅಮ್ಮೋ ಬದಿಗೆ ಸರಿದು ನಿಂತ್ರು. ನನ್ನ ಪಾಸ್‌ಪೋರ್ಟಿನ ಅಶೋಕ ಸ್ತಂಭ ದೂರದಿಂದಲೇ ನೋಡಿ ಹೋಗು ಅಂದ್ಲು. ಪುಟ ತಿರುಗಿಸ್ಲಿಕ್ಕೂ ಹೇಳ್ಲಿಲ್ಲ. ದಾಟಿ ಹಿಂದೆ ನೋಡಿದೆ, ಅವರು ಬೆರಳು ಉಜ್ಜಿಕೊಳ್ತಾ ಅಲ್ಲೇ ಇದ್ರು, ಬೆಲ್ಟ್ ಇನ್ನೂ ಬಾಯಲ್ಲಿ. ಕಾಯ್ಬೇಕಿತ್ತು ನಾನು. ಇನ್ಸುಲಿನ್ ನೆನಪಾಗಿ ಓಡಿದೆ. ಮನೆಗೆ ಮುಟ್ಟುವಾಗ ಏಳು ಹತ್ತು.

ಆ ವರ್ಷ ಅಕ್ಟೋಬರ್ 7ರ ಹಮಾಸ್ ದಾಳಿ, ಮತ್ತೆ ಗಾಜಾದಲ್ಲಿ ಯುದ್ಧ. ಪಶ್ಚಿಮ ದಂಡೆಯವರ ಕೆಲಸದ ಪರವಾನಗಿಗಳನ್ನು ನಿಲ್ಲಿಸಿದ್ರು. ಒಂದು ಲಕ್ಷಕ್ಕಿಂತ ಹೆಚ್ಚು ಜನ ಮನೆಯಲ್ಲಿ ಕೂತ್ರು. ಆ ಸಾಲನ್ನು ಶಪಿಸ್ತಿದ್ದವರಿಗೆ ಈಗ ನಿಲ್ಲಲಿಕ್ಕೆ ಸಾಲೂ ಇಲ್ಲ. ಅವರ ಜಾಗ ತುಂಬಿಸ್ಲಿಕ್ಕೆ 2024ರಲ್ಲಿ ನಮ್ಮ ದೇಶದಿಂದಲೇ ಸಾವಿರಾರು ಕಟ್ಟಡ ಕೆಲಸದವರು ಬಂದ್ರು. ಅವರ ಹೊಟ್ಟೆಪಾಡು ಅವರದ್ದು, ನಾನೂ ಹಾಗೇ ಬಂದವಳು, ಯಾರಿಗೂ ಬೆರಳು ತೋರಿಸುವ ಯೋಗ್ಯತೆ ನನಗಿಲ್ಲ.

ಅಜ್ಜಿಯ ಬೀದಿಯಲ್ಲೇ ಒಂದು ಕಟ್ಟಡ ಏಳ್ತಾ ಉಂಟು. ಒಂದು ದಿನ ಮೇಲಿನಿಂದ ಹಿಂದಿ ಕೇಳಿಸ್ತು, ತಲೆ ಎತ್ತಿದೆ. ಉತ್ತರ ಪ್ರದೇಶದ ಹುಡುಗ, ದೀದಿ ಇಲ್ಲಿ ಗೋಧಿ ಹಿಟ್ಟು ಎಲ್ಲಿ ಸಿಗ್ತದೆ ಅಂತ ಕೇಳಿದ. ಅಂಗಡಿಯ ದಾರಿ ಹೇಳಿದೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀಯ ಅಂತ ಕೇಳಿದೆ, ಯಾಕೆ ಕೇಳಿದೆನೋ.

'ಆರು ಗಂಟೆಗೆ ದೀದಿ,' ಅಂದ. 'ರೂಮು ಇಲ್ಲೇ ಹತ್ರ.'