ಮಕ್ಕಳು ತೋರಿಸುವ ಗ್ರೀಸ್

ಕೇಳುಗರೆಲ್ಲರಿಗೂ ನಮಸ್ಕಾರ.

ಯುರೋಪಿನ ಶಾಲೆಗಳ ನಡುವೆ ಇ-ಟ್ವಿನ್ನಿಂಗ್ ಅನ್ನೋ ಒಂದು ಕಾರ್ಯಕ್ರಮ ಇದೆ. 2005ರಲ್ಲಿ ಶುರುವಾದದ್ದು. ಒಂದು ದೇಶದ ತರಗತಿ ಇನ್ನೊಂದು ದೇಶದ ತರಗತಿಯ ಜೊತೆ ಸೇರಿ ಕೆಲಸ ಮಾಡುತ್ತದೆ. ಗೆಳೆತನ ಶುರುವಾಗುವುದು ಸಾಮಾನ್ಯವಾಗಿ ಊರಿನ ಪರಿಚಯದಿಂದ. ನಿಮ್ಮೂರಲ್ಲಿ ಏನಿದೆ, ನಮಗೂ ತೋರಿಸಿ ಅಂತ. ಗ್ರೀಸ್‌ನ ಶಾಲೆಗಳೂ ಇದರಲ್ಲಿವೆ. ಈ ಕೆಲಸದ ಮೇಲೆ ನನಗೆ ತುಂಬಾ ಪ್ರೀತಿ. ಯಾಕೆ ಅಂತ ಹೇಳುತ್ತೇನೆ.

ನಾವು ಶಾಲೆಯಲ್ಲಿ ಓದಿದ ಗ್ರೀಸ್ ಅಲೆಕ್ಸಾಂಡರ್ ತೀರಿಕೊಂಡಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಈಚೆಗೆ ಎರಡು ಸಾವಿರದ ಮುನ್ನೂರು ವರ್ಷ ದಾಟಿದೆ. ಆ ಕಾಲದ ಬಗ್ಗೆ ನಮಗೆ ಗೊತ್ತಿರುವುದು ತೀರಾ ಕಡಿಮೆ. ಆದರೆ ಅಲ್ಲಿನ ಒಂದು ಸಣ್ಣ ಊರಿನ ಮಗು ತನ್ನ ಊರು ತೋರಿಸಲು ಹೊರಟರೆ ಆ ವರ್ಷಗಳನ್ನು ಬಿಟ್ಟು ಮುಂದೆ ಹೋಗಲು ಆಗುವುದೇ ಇಲ್ಲ. ಅವು ಶಾಲೆಗೆ ಹೋಗುವ ದಾರಿಯಲ್ಲೇ ಇವೆ.

ಗ್ರೀಸ್‌ನಲ್ಲಿ ಮಕ್ಕಳಿಗೆ ಇತಿಹಾಸ ಶುರುವಾಗುವುದು ಮೂರನೇ ಕ್ಲಾಸಿನಲ್ಲಿ, ಅದೂ ಪುರಾಣದ ಕಥೆಗಳಿಂದ. ನಾಲ್ಕರಲ್ಲಿ ಪ್ರಾಚೀನ ಕಾಲ, ಐದರಲ್ಲಿ ಬೈಜಾಂಟಿಯಂ, ಅಂದರೆ ಮಧ್ಯಯುಗದ ಪೂರ್ವ ರೋಮನ್ ಸಾಮ್ರಾಜ್ಯ, ಆರರಲ್ಲಿ ಹೊಸ ಕಾಲ. ವೊಲೊಸ್ ಅನ್ನೋ ಬಂದರಿನ ಮಕ್ಕಳಿಗೆ ಮೂರನೇ ಕ್ಲಾಸಿನ ಪಾಠವೇ ಊರಿನ ಕಥೆ. ಚಿನ್ನದ ಕುರಿದೊಗಲು ತರಲು ಜೇಸನ್ ಆರ್ಗೊ ಹಡಗು ಹತ್ತಿ ಹೊರಟ ಅಂತ ಪುರಾಣ ಹೇಳುತ್ತದಲ್ಲ, ಅವನ ಊರು ಇಯೋಲ್ಕೋಸ್ ಇದ್ದದ್ದು ಇಲ್ಲೇ ಅನ್ನುತ್ತಾರೆ. ವೊಲೊಸ್‌ನಲ್ಲಿ ಹಳೇ ಕಾಲದ ರೀತಿಯಲ್ಲೇ 50 ಹುಟ್ಟುಗಳ ಆರ್ಗೊ ಒಂದನ್ನು ಕಟ್ಟಿದರು. 2008ರಲ್ಲಿ ಹುಟ್ಟು ಹಾಕಿಕೊಂಡು ಅದನ್ನು ವೆನಿಸ್‌ವರೆಗೂ ಒಯ್ದರು.

ಈಗ ನಾಫ್ಲಿಯೊಗೆ ಬನ್ನಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಪೆಲೊಪೊನ್ನೀಸ್‌ನ ಸಮುದ್ರ ತೀರದ ಪುಟ್ಟ ಊರು. ಅಥೆನ್ಸ್‌ಗಿಂತ ಮೊದಲು ಹೊಸ ಗ್ರೀಸ್‌ನ ರಾಜಧಾನಿ ಆಗಿದ್ದದ್ದು ಇದೇ. 1834ರಲ್ಲಿ ರಾಜಧಾನಿ ಅಥೆನ್ಸ್‌ಗೆ ಹೋಯಿತು. ಊರಿನ ನೆತ್ತಿಯ ಮೇಲೆ 216 ಮೀಟರ್ ಎತ್ತರದ ಬೆಟ್ಟ, ಅದರ ಮೇಲೆ ಪಲಮಿಡಿ ಕೋಟೆ. ವೆನಿಸ್‌ನವರು 1711ರಿಂದ 1714ರೊಳಗೆ ಕಟ್ಟಿ ಮುಗಿಸಿದರು. ಮುಗಿಸಿದ ಮರುವರ್ಷವೇ ತುರ್ಕರು ಅದನ್ನು ಹಿಡಿದರು.

ಕೋಟೆಗೆ 999 ಮೆಟ್ಟಿಲು ಅಂತ ಊರೆಲ್ಲ ಹೇಳುತ್ತದೆ. ಎಣಿಸಿದವರಿಗೆ ಅಷ್ಟು ಸಿಗುವುದಿಲ್ಲ. ಸಾವಿರನೇ ಮೆಟ್ಟಿಲು ಇತ್ತು, ಕೊಲೊಕೊಟ್ರೊನಿಸ್‌ನ ಕುದುರೆ ಕಾಲಿಟ್ಟಾಗ ಮುರಿದುಹೋಯಿತು ಅಂತಲೂ ಒಂದು ಕಥೆ ಇದೆ. ಮಕ್ಕಳಿಗೆ ಇಷ್ಟವಾಗುವ ಕಥೆ ಅಲ್ವಾ?

ಈ ಕೊಲೊಕೊಟ್ರೊನಿಸ್, ಆಟೋಮನ್ ತುರ್ಕರ ಆಳ್ವಿಕೆಯ ವಿರುದ್ಧ ಗ್ರೀಕರು ನಡೆಸಿದ ಸ್ವಾತಂತ್ರ್ಯ ಯುದ್ಧದ ದೊಡ್ಡ ಸೇನಾಪತಿ. ಯುದ್ಧ ಗೆದ್ದ ಮೇಲೆ ಅವನ ಮೇಲೇ ರಾಜದ್ರೋಹದ ಆರೋಪ ಬಂತು. ರಾಜ ಒಟ್ಟೊ ಇನ್ನೂ ಹುಡುಗ. ಆಡಳಿತ ಅವನ ತವರಾದ ಬವೇರಿಯಾ ಅನ್ನೋ ಜರ್ಮನ್ ರಾಜ್ಯದಿಂದ ಬಂದ ಪ್ರತಿನಿಧಿಗಳ ಕೈಯಲ್ಲಿತ್ತು. 1834ರಲ್ಲಿ ಇದೇ ನಾಫ್ಲಿಯೊದಲ್ಲಿ ವಿಚಾರಣೆ ನಡೆಸಿ ಮರಣದಂಡನೆ ಕೊಟ್ಟರು. ಐವರು ನ್ಯಾಯಾಧೀಶರಲ್ಲಿ ಇಬ್ಬರು, ಪೊಲಿಜೊಯಿಡಿಸ್ ಮತ್ತು ಟೆರ್ಟ್ಸೆಟಿಸ್, ಸಹಿ ಹಾಕಲಿಲ್ಲ. ಸೈನಿಕರು ಅವರನ್ನು ಎಳೆದು ತಂದು ಪೀಠದ ಮೇಲೆ ಕೂರಿಸಿದರೂ ಹಾಕಲಿಲ್ಲ. ಆಮೇಲೆ ಶಿಕ್ಷೆ ಇಳಿಯಿತು. ಮರುವರ್ಷ ಒಟ್ಟೊ ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಂಡಾಗ ಮುದುಕ ಬಿಡುಗಡೆಯಾದ. ಕೋಟೆ ಹತ್ತಿ ಹೋದ ಪ್ರತಿ ಮಗುವಿಗೂ ಅವನನ್ನು ಇಟ್ಟಿದ್ದ ಕತ್ತಲೆ ಕೋಣೆ ಅಂತ ಒಂದನ್ನು ತೋರಿಸುತ್ತಾರೆ. ಬಾಗಿಲು ಎಷ್ಟು ಗಿಡ್ಡ ಅಂದರೆ ಬಗ್ಗಿಯೇ ಒಳಗೆ ಹೋಗಬೇಕು. ಸಹಿ ಹಾಕದ ಆ ಇಬ್ಬರ ಹೆಸರನ್ನು ಮಕ್ಕಳಿಗೆ ಇಲ್ಲೇ ನಿಲ್ಲಿಸಿ ಹೇಳಿಕೊಡುವುದು ಎಷ್ಟು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ.

ಕೆಳಗಿಳಿದು ಹಳೇ ಊರಿನ ಓಣಿಗೆ ಹೋದರೆ ಸಂತ ಸ್ಪಿರಿಡೋನ್‌ನ ಸಣ್ಣ ಚರ್ಚು. 1831ರ ಅಕ್ಟೋಬರ್ 9, ಭಾನುವಾರ ಬೆಳಗ್ಗೆ ದೇಶದ ಮೊದಲ ಆಡಳಿತಗಾರ ಕಪೊಡಿಸ್ಟ್ರಿಯಾಸ್ ಪ್ರಾರ್ಥನೆಗೆ ಬಂದ. ಬಾಗಿಲಲ್ಲೇ ಅವನನ್ನು ಕೊಂದರು. ಕೊಂದವರು ಹೊರಗಿನ ಶತ್ರುಗಳಲ್ಲ, ಮಾನಿ ಪ್ರದೇಶದ ಮಾವ್ರೊಮಿಖಾಲಿಸ್ ಮನೆತನದವರು. ಅವರ ಮನೆ ಹಿರಿಯನನ್ನು ಸರ್ಕಾರ ಜೈಲಿಗೆ ಹಾಕಿತ್ತು, ಆ ಸಿಟ್ಟು. ಗುಂಡು ತಗುಲಿದ ಗುರುತು ಅಂತ ಬಾಗಿಲ ಪಕ್ಕದ ಕಲ್ಲಿಗೆ ಗಾಜು ಹಾಕಿ ಕಾಪಾಡಿದ್ದಾರೆ. ಮಗುವಿನ ಕಣ್ಣಿಗೆ ಸುಲಭವಾಗಿ ಸಿಗುವ, ಬೆರಳಿಟ್ಟು ತೋರಿಸಬಹುದಾದ ಗುರುತು. ಸ್ವಾತಂತ್ರ್ಯ ಬಂದ ಮೇಲೂ ದೇಶ ಕಟ್ಟುವುದು ಎಷ್ಟು ಕಷ್ಟವಾಗಿತ್ತು ಅನ್ನುವುದು ಆ ಒಂದು ತೂತಿನಲ್ಲಿ ಅರ್ಥವಾಗುತ್ತದೆ.

ಸಮುದ್ರದ ನಡುವೆ ಬೂರ್ಜಿ ಅನ್ನೋ ಪುಟ್ಟ ಕೋಟೆಯೂ ಇದೆ. ಪಲಮಿಡಿ ಜೈಲಾಗಿದ್ದ ಕಾಲದಲ್ಲಿ, ಅಲ್ಲಿ ಮರಣದಂಡನೆ ಜಾರಿ ಮಾಡುತ್ತಿದ್ದವರು ಈ ನಡುನೀರಿನ ಕೋಟೆಯಲ್ಲಿ ಬದುಕುತ್ತಿದ್ದರು. ಊರೊಳಗೆ ಅವರನ್ನು ಯಾರೂ ಸೇರಿಸುತ್ತಿರಲಿಲ್ಲ.

ಉತ್ತರಕ್ಕೆ ಕವಾಲಾ. ಊರ ಮಧ್ಯೆ 60 ಕಮಾನುಗಳ ನೀರುಗಾಲುವೆ, ಆಟೋಮನ್ ಕಾಲದ್ದು. ಕಮಾನಿನ ಕೆಳಗೇ ಕಾರು, ಸ್ಕೂಟರ್ ಓಡಾಡುತ್ತವೆ. ಈಜಿಪ್ಟ್ ಆಳಿದ ಮೊಹಮ್ಮದ್ ಅಲಿ ಹುಟ್ಟಿದ್ದು ಈ ಊರಲ್ಲೇ, 1769ರಲ್ಲಿ ಅನ್ನುತ್ತಾರೆ. ಅವನ ಮನೆ ಇದೆ, ಕುದುರೆ ಮೇಲಿನ ಪ್ರತಿಮೆ ಇದೆ. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಧರ್ಮದ ಲೆಕ್ಕದಲ್ಲಿ ಜನರನ್ನೇ ಅದಲುಬದಲು ಮಾಡಿಕೊಂಡವು. ಇಲ್ಲಿನ ಮುಸ್ಲಿಮರು ಅತ್ತ ಹೋದರು, ಅಲ್ಲಿನ ಕ್ರೈಸ್ತರು ಇತ್ತ ಬಂದರು. ಬಂದ ಎಷ್ಟೋ ಹೆಂಗಸರು ಕವಾಲಾದ ಗೋದಾಮುಗಳಲ್ಲಿ ಹೊಗೆಸೊಪ್ಪು ವಿಂಗಡಿಸಿ ಮಕ್ಕಳನ್ನು ಸಾಕಿದರು. ಅವರ ಮರಿಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಅವರಿಗೆ ಊರಿನ ಇತಿಹಾಸ ಅಂದರೆ ಮನೆಯ ಇತಿಹಾಸವೂ ಹೌದು.

ಇನ್ನು ಕಲಾವ್ರಿಟಾ. ಬೆಟ್ಟದ ಊರು. ಕಡಲ ತೀರದ ಡಿಯಾಕೊಫ್ಟೊದಿಂದ ಇಲ್ಲಿಗೆ 22 ಕಿಲೋಮೀಟರಿನ ಪುಟ್ಟ ರೈಲು. 1896ರಿಂದ ಓಡುತ್ತಿದೆ. ಏರು ಜಾಸ್ತಿ ಇರುವ ಕಡೆ ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿಕೊಂಡು ಹತ್ತುತ್ತದೆ. ಚಳಿಗಾಲದಲ್ಲಿ ಹೆಲ್ಮೋಸ್ ಬೆಟ್ಟದ ಹಿಮದಲ್ಲಿ ಜಾರಲು ಜನ ಬರುತ್ತಾರೆ. ಇಲ್ಲಿನ ಮಕ್ಕಳಿಗೆ ತೋರಿಸಲು ಖುಷಿಯ ಸಂಗತಿಗಳು ಬೇಕಾದಷ್ಟಿವೆ. ಆದರೂ ಹಳೇ ಪ್ರಾಥಮಿಕ ಶಾಲೆಯನ್ನು ತೋರಿಸದೆ ಊರಿನ ಪರಿಚಯ ಪೂರ್ತಿ ಆಗುವುದಿಲ್ಲ.

1943ರ ಡಿಸೆಂಬರ್ 13. ಎರಡನೇ ಮಹಾಯುದ್ಧದ ಕಾಲ, ಗ್ರೀಸ್ ಜರ್ಮನರ ವಶದಲ್ಲಿತ್ತು. ಗ್ರೀಕ್ ಗೆರಿಲ್ಲಾಗಳು ಸೆರೆಹಿಡಿದ ಜರ್ಮನ್ ಸೈನಿಕರನ್ನು ಕೊಂದಿದ್ದರು. ಅದಕ್ಕೆ ಸೇಡು ಅಂತ ಜರ್ಮನ್ ಸೇನೆ ಊರಿನವರನ್ನೆಲ್ಲ ಆ ಶಾಲೆಗೆ ಕರೆಸಿತು. ಗಂಡಸರನ್ನೂ ದೊಡ್ಡ ಹುಡುಗರನ್ನೂ ಬೇರೆ ಮಾಡಿ ಊರ ಪಕ್ಕದ ದಿಬ್ಬಕ್ಕೆ ಒಯ್ದು ಮೆಷಿನ್ ಗನ್‌ನಿಂದ ಕೊಂದರು. ಸತ್ತವರು ಐನೂರರ ಹತ್ತಿರ. ಹೆಂಗಸರು, ಚಿಕ್ಕ ಮಕ್ಕಳು ಶಾಲೆಯೊಳಗೆ ಬಂದಿಗಳು. ಊರಿಗೆ ಬೆಂಕಿ. ಅವರು ಹೇಗೋ ಹೊರಗೆ ಬಂದರು. ದಿಬ್ಬಕ್ಕೆ ಹೋಗಿ, ಹೆಪ್ಪುಗಟ್ಟಿದ ನೆಲವನ್ನು ಸಿಕ್ಕಿದ್ದರಲ್ಲಿ, ಬರಿಗೈಯಲ್ಲಿ ಅಗೆದು ತಮ್ಮವರನ್ನು ಮಣ್ಣು ಮಾಡಿದರು. ಚರ್ಚಿನ ಒಂದು ಗೋಪುರದ ಗಡಿಯಾರದ ಮುಳ್ಳು ಇವತ್ತಿಗೂ ಎರಡು ಗಂಟೆ ಮೂವತ್ನಾಲ್ಕು ನಿಮಿಷದಲ್ಲೇ ನಿಂತಿದೆ. ಆ ಶಾಲೆ ಈಗ ಮ್ಯೂಸಿಯಂ. ಒಂದು ಗೋಡೆಯ ತುಂಬ ಸತ್ತವರ ಫೋಟೋಗಳು.

ಇದನ್ನು ಮಕ್ಕಳ ಬಾಯಲ್ಲಿ ಹೇಳಿಸಬೇಕಾ ಅಂತ ಕೆಲವರು ಕೇಳಬಹುದು. ಹೇಳಿಸಬೇಕು ಅಂತಲೇ ನನ್ನ ಅಭಿಪ್ರಾಯ. ಆ ಬೆಂಚುಗಳ ಮೇಲೆ ಕೂತಿದ್ದವರು ಅವರದೇ ವಯಸ್ಸಿನವರು. ಇ-ಟ್ವಿನ್ನಿಂಗ್‌ನಲ್ಲಿ ಜರ್ಮನಿಯ ಶಾಲೆಗಳೂ ಇವೆ. ಈ ಊರಿನ ಮಗು ಬರೆದದ್ದನ್ನು ಜರ್ಮನಿಯ ಮಗುವೂ ಓದುವಂತಾಗಲಿ ಅಂತ ನನ್ನ ಆಸೆ.

ನಮ್ಮವರು ಈಗ ಗ್ರೀಸ್‌ಗೂ ಪ್ರವಾಸ ಹೋಗುತ್ತಾರೆ. ಹೋದರೆ ಸುಮ್ನೆ ಅಥೆನ್ಸ್, ಸಾಂಟೊರಿನಿ ನೋಡಿ ವಾಪಸ್ ಬರಬೇಡಿ. ಅಥೆನ್ಸ್‌ನಿಂದ ನಾಫ್ಲಿಯೊಗೆ ಬಸ್ಸಿನಲ್ಲಿ ಎರಡು, ಎರಡೂವರೆ ಗಂಟೆ. ಬೇಸಿಗೆಯಾದರೆ ಪಲಮಿಡಿ ಮೆಟ್ಟಿಲನ್ನು ಬೆಳಗ್ಗೆ ಬೇಗ ಹತ್ತಿ, ನೀರು ಜೊತೆಗಿರಲಿ. ಶಾಲಾ ಪ್ರವಾಸದ ಮಕ್ಕಳು ಸಿಕ್ಕರೆ ಮಾತಾಡಿಸಿ. ಇಂಗ್ಲಿಷ್ ಅವರಿಗೆ ಬರುತ್ತದೆ, ಪ್ರಾಥಮಿಕ ಶಾಲೆಯಿಂದಲೇ ಕಲಿಯುತ್ತಾರೆ.

ನಮಸ್ಕಾರ.